ಬಿಡದ ಬ್ರೇಕು: 1954ರ ಮಾರಿಸ್ ಮೈನರ್ ದುರಸ್ತಿಯ ಟಿಪ್ಪಣಿ

ಸಾಗರದಲ್ಲಿರುವ ನನ್ನ ಸೋದರಮಾವನ ಮನೆಯ ಹಿಂಬದಿಯ ಕೊಟ್ಟಿಗೆಯಲ್ಲಿ 22 ಮಳೆಗಾಲ ಕಳೆದ ಮಾರಿಸ್ ಮೈನರ್ ಕಾರನ್ನು ಹಿಂದಿನ ದೀಪಾವಳಿ ಮುಗಿದ ಮೇಲೆ ಶಿವಮೊಗ್ಗದ ನಮ್ಮ ಮನೆಗೆ ಲಾರಿಯಲ್ಲಿ ತಂದೆ. ತಗಡು, ವೈರಿಂಗ್, ಎಂಜಿನ್ನು ಎಲ್ಲದರ ಕೆಲಸವೂ ಒಂದೊಂದಾಗಿ ನಡೆದಿದೆ. ಆದರೂ ಈ ಬರಹವನ್ನು ಬ್ರೇಕಿಗೆ ಮಾತ್ರ ಮೀಸಲಿಡುತ್ತೇನೆ; ಉಳಿದೆಲ್ಲ ಕೆಲಸಗಳು ಸೇರಿ ಬೇಡಿದಷ್ಟು ಯೋಚನೆಯನ್ನು ಇದೊಂದೇ ಬೇಡಿತು, ಮತ್ತು ಇದರಲ್ಲಿ ನಾನು ಮಾಡಿದ ಎರಡು ತಪ್ಪುಗಳು ಮನೆಯಲ್ಲಿ ಹಳೆಯ ಗಾಡಿ ಬಿಚ್ಚುವ ಯಾರಿಂದಲಾದರೂ ಆಗಬಹುದಾದಂಥವು.

ಅಲೆಕ್ ಇಸಿಗೊನಿಸ್ ವಿನ್ಯಾಸಗೊಳಿಸಿದ ಮೈನರ್ 1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದಿತು. ನಮ್ಮ ದೇಶದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದೇ ಕಾರನ್ನು ‘ಬೇಬಿ ಹಿಂದುಸ್ತಾನ್’ ಎಂಬ ಹೆಸರಿನಲ್ಲಿ ಮಾರಿದ್ದುಂಟು. ಮಾವನದು ಸೀರೀಸ್ 2 ಮಾದರಿ: 803 ಸಿ.ಸಿ. ಎಂಜಿನ್ನು, 30 ಅಶ್ವಶಕ್ತಿ, ನಾಲ್ಕು ಬಾಗಿಲು, ನಾಲ್ಕೂ ಚಕ್ರಗಳಿಗೆ 7 ಅಂಗುಲದ ಡ್ರಮ್ ಬ್ರೇಕು. ಪೆಡಲ್ ಒತ್ತಿದಾಗ ‘ಶೂ’ ಎಂಬ ಬಾಗಿದ ಪಟ್ಟಿಗಳು ಚಕ್ರದೊಂದಿಗೆ ತಿರುಗುವ ಡ್ರಮ್ಮಿನ ಒಳಮೈಗೆ ಉಜ್ಜಿ ಗಾಡಿಯನ್ನು ನಿಲ್ಲಿಸುತ್ತವೆ; ಆ ಶೂಗಳನ್ನು ಆಯಿಲಿನ ಒತ್ತಡದಿಂದ ನೂಕುವುದು ವೀಲ್ ಸಿಲಿಂಡರ್. ಮುಂದಿನ ಪ್ರತಿ ಚಕ್ರಕ್ಕೂ ಎರಡು ವೀಲ್ ಸಿಲಿಂಡರ್‌ಗಳಿದ್ದು, ಒಂದೊಂದು ಸಿಲಿಂಡರ್ ಒಂದೊಂದು ಶೂವನ್ನು ಮಾತ್ರ ನೂಕುತ್ತದೆ. ಗಾಡಿ ಮುಂದಕ್ಕೆ ಚಲಿಸುವಾಗ ತಿರುಗುವ ಡ್ರಮ್ಮು ಎರಡೂ ಶೂಗಳನ್ನು ತನ್ನ ಕಡೆಗೇ ಎಳೆದುಕೊಳ್ಳುವ ಹಾಗೆ ಅವುಗಳ ಜೋಡಣೆ ಇರುವುದರಿಂದ, ಒತ್ತುವ ಬಲವನ್ನು ಹೆಚ್ಚಿಸುವ ಬೂಸ್ಟರ್ ಇಲ್ಲದಿದ್ದರೂ ಕಾಲಿನ ಬಲವೊಂದೇ ಸಾಕಾಗುತ್ತದೆ. ಹಿಂದಿನ ಚಕ್ರಕ್ಕೆ ಒಂದೇ ಸಿಲಿಂಡರ್. ಅದು ಹಿಂಬದಿ ತಟ್ಟೆಯ ಸೀಳಿನಲ್ಲಿ ಅತ್ತಿತ್ತ ಜಾರುವಂತಿದ್ದರೆ ಮಾತ್ರ ಎರಡೂ ಶೂಗಳಿಗೆ ಸಮನಾಗಿ ಬಲ ಸಿಗುತ್ತದೆ. ನಮ್ಮ ಕಾರಿನಲ್ಲಿ ಆ ಎರಡೂ ಸಿಲಿಂಡರ್‌ಗಳು ತುಕ್ಕು ಹಿಡಿದು ತಟ್ಟೆಗೇ ಬೆಸೆದುಹೋಗಿದ್ದವು.

ಪೆಡಲ್ ಒತ್ತಿದಾಗ ಆಯಿಲನ್ನು ಪೈಪುಗಳ ಮೂಲಕ ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಇರುವ ಜಾಗವೇ ಈ ಕಾರಿನ ದೊಡ್ಡ ತೊಡಕು. ಅದು ಬಾನೆಟ್ಟಿನ ಕೆಳಗಿಲ್ಲ. ಚಾಲಕನ ಕಾಲಿನ ಕೆಳಗೆ, ಚಾಸಿಯ ಉದ್ದನೆಯ ಪೆಟ್ಟಿಗೆಯಂಥ ಭಾಗದೊಳಗೆ ಅಡಗಿ ಕೂತಿದೆ. ಬ್ರೇಕ್ ಆಯಿಲ್ ಹಾಕಬೇಕಾದರೆ ಕಾರ್ಪೆಟ್ ಎತ್ತಿ, ನೆಲದ ಮುಚ್ಚಳ ತೆಗೆದು, ಅದರ ಕೆಳಗಿನ ಪ್ಲಗ್ ಬಿಚ್ಚಬೇಕು. ಅದನ್ನು ಹೊರಗೆ ತೆಗೆಯುವುದು ಇನ್ನೂ ಕಷ್ಟ. ಅದನ್ನು ಹಿಡಿದಿರುವ ಎರಡು ಉದ್ದನೆಯ ಬೋಲ್ಟುಗಳು ಚಾಸಿಯ ಆರಪಾರ ಹೋಗಿದ್ದು, ಅವು ಹೊರಬರಬೇಕಾದ ದಾರಿಗೆ ಸರಿಯಾಗಿ ಮುಂದಿನ ಸಸ್ಪೆನ್ಷನ್ನಿನ ಟಾರ್ಷನ್ ಬಾರ್ ಅಡ್ಡ ನಿಂತಿರುತ್ತದೆ. ಗಾಡಿಯ ಮುಂಭಾಗದ ಭಾರವನ್ನೆಲ್ಲ ತಿರುಚಿನಲ್ಲಿ ಹೊತ್ತಿರುವ ಕಂಬಿ ಅದು. ಬಿಗಿ ಇಳಿಸದೆ ಅದನ್ನು ಕದಲಿಸಲು ಹೋದರೆ ಕೈ ಮುರಿಯುವುದು ನಿಶ್ಚಿತ. ಬಿಗಿ ಇಳಿಸುವ ಕೆಲಸಕ್ಕೆ ಅನುಭವವುಳ್ಳ ಮೆಕ್ಯಾನಿಕ್ ಒಬ್ಬರನ್ನು ಮನೆಗೆ ಕರೆಸಿಕೊಂಡೆ. ಅವರು ಹೊರಡುವ ಮೊದಲು ಹೇಳಿದ ಮಾತೊಂದು ನನ್ನನ್ನು ಮುಂದೆ ಕಾಪಾಡಿತು: ‘‘ವಾಪಸ್ ಹಾಕುವಾಗ ಬೋಲ್ಟನ್ನ ಆ ಕಡೆಯಿಂದ ಈ ಕಡೆಗೆ ಹಾಕಿ ಸಾರ್, ಇನ್ನೊಂದು ಸಲ ಬಿಚ್ಚಬೇಕಾದ್ರೆ ಬಾರ್ ಮುಟ್ಟೋದೇ ಬೇಡ.’’ ಹಾಗೆಯೇ ಹಾಕಿದೆ.

ಮೊದಲ ಸುತ್ತಿನ ಕೆಲಸವನ್ನು ಚುಟುಕಾಗಿ ಹೇಳುತ್ತೇನೆ. ಕಾರನ್ನು ಮರದ ದಪ್ಪ ದಿಮ್ಮಿಗಳ ಮೇಲೆ ನಿಲ್ಲಿಸಿ ನಾಲ್ಕೂ ಡ್ರಮ್ ತೆಗೆದೆ. ಶೂಗಳ ಮೇಲಿನ ಉಜ್ಜುವ ಪದರವಾದ ಲೈನಿಂಗ್‌ಗಳಲ್ಲಿ ಆ ಕಾಲದಲ್ಲಿ ಆಸ್ಬೆಸ್ಟಾಸ್ ಇರುತ್ತಿದ್ದುದರಿಂದ ಒಳಗಿನ ಧೂಳನ್ನು ಊದದೆ, ಗಾಳಿಯ ಪೈಪನ್ನೂ ಹಿಡಿಯದೆ, ಮೂಗು ಬಾಯಿ ಮುಚ್ಚಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಟ್ಟೆ. ಆರೂ ವೀಲ್ ಸಿಲಿಂಡರ್‌ಗಳ ಒಳಮೈ ತುಕ್ಕಿನಿಂದ ಗುಳಿಬಿದ್ದಿತ್ತು. ಅವಕ್ಕೆ ಲೇತ್ ಶಾಪಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಹಾಕಿಸಿದೆ. ಶೂಗಳಿಗೆ ಹೊಸ ಲೈನಿಂಗ್ ಅಂಟಿಸಿಕೊಂಡು ಬಂದೆ. ಸಿಲಿಂಡರ್‌ಗಳೊಳಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ಪುಗಳ ಕಿಟ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಳತೆ ಕೊಟ್ಟು ಹುಡುಕಿದಾಗ ಸಿಕ್ಕಿತು. ಹಳೆಯ ಕಬ್ಬಿಣದ ಪೈಪುಗಳನ್ನೆಲ್ಲ ತೆಗೆದು ಹೊಸ ಪೈಪು ಎಳೆದೆ. ಏಸಿಯವರು ಬಳಸುವ ಬರಿಯ ತಾಮ್ರದ ಪೈಪು ಸುಲಭವಾಗಿ ಸಿಗುತ್ತದೆ, ಸುಲಭವಾಗಿ ಬಾಗುತ್ತದೆ ಎಂದು ಕೆಲವರು ಸಲಹೆ ಕೊಟ್ಟರು. ಆದರೆ ಬರಿಯ ತಾಮ್ರವು ಸದಾ ಅದುರುತ್ತಿದ್ದರೆ ಕ್ರಮೇಣ ಗಡುಸಾಗಿ ಬಿರುಕು ಬಿಡುತ್ತದೆ. ಬ್ರೇಕಿಗೆ ಅದು ತಕ್ಕದ್ದಲ್ಲ. ತಾಮ್ರ-ನಿಕ್ಕಲ್ ಮಿಶ್ರಲೋಹದ 3/16 ಅಂಗುಲದ ಬ್ರೇಕ್ ಪೈಪನ್ನೇ ತರಿಸಿದೆ.

ಈ ಕಾರಿನಲ್ಲಿ ರಬ್ಬರಿನ ಹೋಸ್ ಪೈಪುಗಳು ಮೂರು: ಮುಂದಿನ ಚಕ್ರಗಳಿಗೆ ಒಂದೊಂದು, ಹಿಂದಿನ ಆಕ್ಸಲಿಗೆ ಒಂದು. ಎಡಗಡೆಯದು ಮತ್ತು ಹಿಂದಿನದು ಹೊರಗೆ ಬಿರುಕುಬಿಟ್ಟಿದ್ದರಿಂದ ಬದಲಿಸಿದೆ. ಬಲಗಡೆಯದು ಮಾತ್ರ ಮೆತ್ತಗೆ, ಕಪ್ಪಗೆ, ಒಂದು ಗೀರೂ ಇಲ್ಲದೆ ಇದ್ದುದರಿಂದ, ಗಾಡಿ ನಿಲ್ಲುವುದಕ್ಕೆ ಸ್ವಲ್ಪ ಮೊದಲು ಯಾರೋ ಬದಲಿಸಿರಬೇಕೆಂದು ಊಹಿಸಿ ಅದನ್ನೇ ಉಳಿಸಿದೆ. ಇದು ನನ್ನ ಮೊದಲ ತಪ್ಪು. ಎರಡನೆಯ ತಪ್ಪು ಅದೇ ವಾರ, ಮಾಸ್ಟರ್ ಸಿಲಿಂಡರ್ ತೊಳೆಯುವಾಗ ನಡೆದಿತ್ತು. ಅದು ಬೆಳಕಿಗೆ ಬರಲು ಒಂದು ತಿಂಗಳು ಹಿಡಿಯಿತು.

ಎಲ್ಲವನ್ನೂ ಜೋಡಿಸಿ, ಹೊಸ ಡಾಟ್ 4 ಬ್ರೇಕ್ ಆಯಿಲ್ ತುಂಬಿ, ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಹಿಂದಿನ ಎಡಚಕ್ರದಿಂದ ಆರಂಭಿಸಿ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂಬ ಕ್ರಮದಲ್ಲಿ ಗಾಳಿ ತೆಗೆದೆವು. ನಾನು ಚಕ್ರದ ಬಳಿ ಗಾಳಿ ಹೊರಬಿಡುವ ನಿಪ್ಪಲ್ ತಿರುಗಿಸುತ್ತಿದ್ದರೆ ಮಗಳು ಪೆಡಲ್ ಒತ್ತುತ್ತಿದ್ದಳು. ಆದರೂ ಪೆಡಲ್ ಮೊದಲ ಒತ್ತಿಗೆ ನೆಲದ ಹತ್ತಿರ ಹೋಗುತ್ತಿತ್ತು. ಎರಡನೆಯ ಒತ್ತಿಗೆ ಮೇಲೆ ನಿಲ್ಲುತ್ತಿತ್ತು. ಹೀಗಾದಾಗ ಏರ್ ಲಾಕ್ ಎಂದು ಹೇಳಿ ಮತ್ತೆ ಮತ್ತೆ ಬ್ಲೀಡ್ ಮಾಡುತ್ತ, ಅಂದರೆ ಗಾಳಿ ತೆಗೆಯುತ್ತ, ಆಯಿಲ್ ಸುರಿಯುವುದು ವಾಡಿಕೆ. ನಾನು ಹಾಗೆ ಮಾಡದೆ, ಮೂರೂ ಹೋಸ್ ಪೈಪುಗಳನ್ನು ದುಂಡು ಅಂಚಿನ ಕ್ಲಾಂಪುಗಳಿಂದ ಬಟ್ಟೆ ಸುತ್ತಿ ಮೃದುವಾಗಿ ಒತ್ತಿಹಿಡಿದು ಪೆಡಲ್ ಪರೀಕ್ಷಿಸಿದೆ. ಪೆಡಲ್ ಕಲ್ಲಿನಂತೆ ನಿಂತಿತು. ಅಂದರೆ ಮಾಸ್ಟರ್ ಸಿಲಿಂಡರ್ ಒತ್ತಡ ಹಿಡಿಯುತ್ತಿದೆ, ಅಲ್ಲಿಂದ ಹೋಸ್ ಪೈಪಿನವರೆಗಿನ ದಾರಿಯಲ್ಲಿ ಗಾಳಿಯೂ ಇಲ್ಲ. ಆಮೇಲೆ ಒಂದೊಂದೇ ಕ್ಲಾಂಪನ್ನು ಸಡಿಲಿಸಿದೆ. ಹಿಂದಿನದನ್ನು ಬಿಟ್ಟಾಗ ಪೆಡಲ್ ಹೆಚ್ಚು ಕೆಳಗಿಳಿದರೂ ಗಟ್ಟಿಯಾಗಿಯೇ ನಿಂತಿತು. ಎಡಗಡೆಯದನ್ನು ಬಿಟ್ಟಾಗ ಮಾತ್ರ ಸ್ಪಂಜಿನಂತೆ ಮೆತ್ತಗಾಯಿತು.

ಈ ಎರಡು ಅನುಭವಗಳ ನಡುವಣ ವ್ಯತ್ಯಾಸವನ್ನು ಕಾಲು ಗುರುತಿಸಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಪೆಡಲ್ ಕೆಳಗಿಳಿದರೂ ಕೊನೆಯಲ್ಲಿ ಗಟ್ಟಿಯಾಗಿ ನಿಂತರೆ ಶೂಗಳು ಡ್ರಮ್ಮಿನಿಂದ ದೂರವಿವೆ ಎಂದು ಅರ್ಥ. ಅದಕ್ಕೆ ಅಡ್ಜಸ್ಟ್‌ಮೆಂಟ್ ಬೇಕು, ಆಯಿಲ್ ಬೇಕಿಲ್ಲ. ಮೈನರಿನಲ್ಲಿ ಮುಂದಿನ ಚಕ್ರಕ್ಕೆ ಎರಡು, ಹಿಂದಿನ ಚಕ್ರಕ್ಕೆ ಒಂದು ಅಡ್ಜಸ್ಟರ್ ಇದ್ದು, ಡ್ರಮ್ಮಿನ ರಂಧ್ರದ ಮೂಲಕ ಸ್ಕ್ರೂಡ್ರೈವರ್ ಇಟ್ಟು ಡ್ರಮ್ಮು ಬಿಗಿಯಾಗುವವರೆಗೆ ತಿರುಗಿಸಿ, ಬಳಿಕ ಒಂದು ಹಲ್ಲಿನಷ್ಟು ಹಿಂದಕ್ಕೆ ಬಿಡಬೇಕು. ಮುಂದಿನ ಚಕ್ರದಲ್ಲಿ ಒಂದನ್ನೇ ತಿರುಗಿಸಿ ಎರಡನೆಯದನ್ನು ಮರೆಯುವವರು ಬಹಳ. ಎಡಚಕ್ರದ ಮೆತ್ತನೆಯ ತೊಂದರೆ ಮಾತ್ರ ನಿಜವಾದ ಗಾಳಿಯದು: ಎರಡು ಸಿಲಿಂಡರ್‌ಗಳನ್ನು ಸೇರಿಸುವ ಸಣ್ಣ ಪೈಪನ್ನು ನಾನು ಬಾಗಿಸುವಾಗ ನಡುವೆ ಗೂನು ಬಂದು, ಅಲ್ಲಿ ಗುಳ್ಳೆ ಸಿಕ್ಕಿಕೊಂಡಿತ್ತು. ಪೈಪನ್ನು ಸಪಾಟಾಗಿ ಮರುಬಾಗಿಸಿ ಗಾಳಿ ತೆಗೆದ ಮೇಲೆ ಪೆಡಲ್ ಮೊದಲ ಒತ್ತಿಗೇ ಮೇಲೆ ನಿಂತಿತು.

ಅಷ್ಟರಲ್ಲಿ ಫೆಬ್ರವರಿ ಬಂದಿತ್ತು. ಬೆಳಗಿನ ಹೊತ್ತು ಬಡಾವಣೆಯ ಹೊರಗಿನ ಖಾಲಿ ರಸ್ತೆಯಲ್ಲಿ ಗಾಡಿಯನ್ನು ನಿಧಾನವಾಗಿ ಓಡಿಸಿದೆ. ಮೊದಲ 2 ಕಿ.ಮೀ. ಎಲ್ಲವೂ ಚೆನ್ನಾಗಿತ್ತು. 4 ಕಿ.ಮೀ. ಆಗುವಷ್ಟರಲ್ಲಿ ಎಂಜಿನ್ನಿಗೆ ಭಾರ ಹೆಚ್ಚಾದಂತೆ ಅನ್ನಿಸತೊಡಗಿತು, ಪೆಡಲ್ ಮೇಲೇರಿ ಮರದಂತೆ ಗಡುಸಾಯಿತು, ಕೊನೆಗೆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೂ ಗಾಡಿ ಉರುಳಲಿಲ್ಲ. ಇಳಿದು ನೋಡಿದರೆ ನಾಲ್ಕೂ ಡ್ರಮ್ಮುಗಳು ಮುಟ್ಟಲಾರದಷ್ಟು ಕಾದಿದ್ದವು. ಅರ್ಧ ಗಂಟೆ ರಸ್ತೆಬದಿಯಲ್ಲಿ ನಿಂತ ಮೇಲೆ ತಾನಾಗಿಯೇ ಬಿಟ್ಟುಕೊಂಡಿತು. ಮರುದಿನವೂ ಅದೇ ಕಥೆ. ಮೂರನೆಯ ದಿನ ನಾನು ಸ್ಪ್ಯಾನರ್ ಮತ್ತು ನೋಟ್‌ಬುಕ್ ಜೊತೆಯಲ್ಲಿಟ್ಟುಕೊಂಡೇ ಹೊರಟೆ.

ಬ್ರೇಕು ಹಿಡಿದುಕೊಂಡ ಕೂಡಲೇ ಹಿಂದಿನ ಎಡಚಕ್ರದ ನಿಪ್ಪಲನ್ನು ಕಾಲು ಸುತ್ತು ಬಿಚ್ಚಿದೆ. ಆಯಿಲ್ ಚಿಮ್ಮಿತು. ಜಾಕ್ ಹಾಕಿ ಒಂದೊಂದೇ ಚಕ್ರ ತಿರುಗಿಸಿ ನೋಡಿದರೆ ಮೂರು ಚಕ್ರಗಳು ಬಿಟ್ಟುಕೊಂಡಿದ್ದವು, ಮುಂದಿನ ಬಲಚಕ್ರ ಮಾತ್ರ ಬಿಗಿಯಾಗಿಯೇ ಇತ್ತು. ಎರಡನ್ನೂ ಬರೆದುಕೊಂಡೆ, ಬಲಚಕ್ರದ ವಿಷಯಕ್ಕೆ ‘ಶೂ ಸಿಕ್ಕಿಕೊಂಡಿರಬಹುದು’ ಎಂದಷ್ಟೇ ಷರಾ ಹಾಕಿ ಮುಂದೆ ಹೋದೆ. ಆಗ ಅಲ್ಲಿ ನಿಂತು ಇನ್ನಷ್ಟು ಯೋಚಿಸಬೇಕಿತ್ತು.

ನಿಪ್ಪಲ್ ಬಿಚ್ಚಿದಾಗ ಚಕ್ರಗಳು ಬಿಟ್ಟುಕೊಂಡವೆಂದರೆ ಸ್ಪ್ರಿಂಗು, ಶೂ, ಹ್ಯಾಂಡ್‌ಬ್ರೇಕಿನ ಕೇಬಲ್ ಇವುಗಳದ್ದು ದೋಷವಲ್ಲ. ಪೈಪುಗಳೊಳಗೆ ಒತ್ತಡ ಸೆರೆಯಾಗಿದೆ. ಮಾಸ್ಟರ್ ಸಿಲಿಂಡರಿನೊಳಗೆ ಪಿಸ್ಟನ್ ಪೂರ್ತಿ ಹಿಂದೆ ಬಂದಾಗ ಮಾತ್ರ ತೆರೆದುಕೊಳ್ಳುವ, ಸೂಜಿಯ ಮೊನೆಯಷ್ಟೇ ಸಣ್ಣದೊಂದು ರಂಧ್ರವಿದೆ. ಬಿಸಿಗೆ ಹಿಗ್ಗುವ ಆಯಿಲ್ ಆ ರಂಧ್ರದ ಮೂಲಕ ಮಾಸ್ಟರ್ ಸಿಲಿಂಡರಿನದೇ ಆಯಿಲ್ ಟ್ಯಾಂಕಿಗೆ ಮರಳಬೇಕು. ಅದು ಮುಚ್ಚಿಹೋದರೆ ಹಿಗ್ಗಿದ ಆಯಿಲಿಗೆ ದಾರಿಯಿಲ್ಲದೆ ಶೂಗಳನ್ನು ನೂಕುತ್ತದೆ, ಶೂ ಉಜ್ಜಿ ಡ್ರಮ್ಮು ಇನ್ನಷ್ಟು ಕಾಯುತ್ತದೆ, ಕಾದಷ್ಟೂ ಆಯಿಲ್ ಇನ್ನಷ್ಟು ಹಿಗ್ಗುತ್ತದೆ. ರಂಧ್ರ ಮುಚ್ಚಲು ಸಾಮಾನ್ಯ ಕಾರಣವೆಂದರೆ ಪೆಡಲಿನ ರಾಡ್ ಉದ್ದವಾಗಿ ಪಿಸ್ಟನ್ನನ್ನು ಪೂರ್ತಿ ಮರಳಗೊಡದಿರುವುದು. ರಾಡಿಗೂ ಪಿಸ್ಟನ್ನಿಗೂ ನಡುವೆ ಸುಮಾರು 1 ಮಿ.ಮೀ. ಸಡಿಲು ಇರುವುದನ್ನು ಕೈಯಲ್ಲಿ ಪೆಡಲ್ ಅಲುಗಿಸಿ ಖಚಿತಪಡಿಸಿಕೊಂಡೆ. ನೆಲದ ಪ್ಲಗ್ ಬಿಚ್ಚಿ, ಟಾರ್ಚ್ ಬಿಟ್ಟು, ಮಗಳಿಗೆ ಪೆಡಲನ್ನು ಬೆರಳಿನಿಂದ ತುಸುವೇ ಒತ್ತಲು ಹೇಳಿದೆ. ರಂಧ್ರ ತೆರೆದಿದ್ದರೆ ಒತ್ತಿನ ಮೊದಲ ಕ್ಷಣದಲ್ಲಿ ಆಯಿಲಿನ ಮೇಲ್ಮೈಯಲ್ಲಿ ಸಣ್ಣ ಬುಗ್ಗೆ ಏಳಬೇಕು. ಏನೂ ಏಳಲಿಲ್ಲ.

ಮಾಸ್ಟರ್ ಸಿಲಿಂಡರನ್ನು ಎರಡನೆಯ ಸಲ ಹೊರತೆಗೆಯಲು ನಲವತ್ತು ನಿಮಿಷ ಸಾಕಾಯಿತು, ಬೋಲ್ಟು ತಿರುವಿ ಹಾಕಿದ್ದರ ಫಲ ಅದು. ಮೇಜಿನ ಮೇಲೆ ಬಿಚ್ಚಿದಾಗ ರಂಧ್ರದಲ್ಲಿ ಕಸವಿರಲಿಲ್ಲ. ಆದರೆ ಒಂದೇ ತಿಂಗಳ ಹಿಂದೆ ಹಾಕಿದ ಮುಖ್ಯ ರಬ್ಬರ್ ಕಪ್ಪು ಊದಿಕೊಂಡು, ಅಂಚು ಜೋಲುಬಿದ್ದು, ರಂಧ್ರದ ಮೇಲೆ ಪೂರ್ತಿ ಹರಡಿಕೊಂಡಿತ್ತು. ಕಿಟ್ ಕಳಪೆಯೆಂದು ಮೊದಲು ಅನ್ನಿಸಿತು. ಆದರೆ ಡಬ್ಬಿಯಲ್ಲಿ ಉಳಿದಿದ್ದ ಅದೇ ಕಿಟ್ಟಿನ ಹೆಚ್ಚುವರಿ ಕಪ್ಪನ್ನು ಹೊಸ ಬ್ರೇಕ್ ಆಯಿಲಿನಲ್ಲಿ ಎರಡು ದಿನ ಮುಳುಗಿಸಿಟ್ಟರೂ ಅಳತೆ ಬದಲಾಗಲಿಲ್ಲ. ಆಗ ನೆನಪಾಯಿತು: ಸಿಲಿಂಡರಿನ ಎರಕದ ಮೈಗೆ ಹತ್ತಿದ ಜಿಡ್ಡನ್ನು ನಾನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಹಾಗೆಯೇ ಜೋಡಿಸಿದ್ದೆ. ಒಳಗಿನ ಸಂದುಗಳಲ್ಲಿ ಉಳಿದ ಸೀಮೆಎಣ್ಣೆಯೇ ಕಪ್ಪನ್ನು ಊದಿಸಿತ್ತು.

ಇಲ್ಲಿ ‘ಬ್ರೇಕ್ ಆಯಿಲ್’ ಎಂಬ ನಮ್ಮ ಮಾತೇ ದಾರಿ ತಪ್ಪಿಸುತ್ತದೆ. ಅದು ಎಣ್ಣೆಯೇ ಅಲ್ಲ; ಗ್ಲೈಕಾಲ್ ಆಧಾರದ ದ್ರವ. ಅದಕ್ಕೆ ಹೊಂದುವ ರಬ್ಬರು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್, ಗ್ರೀಸ್ ಯಾವುದನ್ನೂ ಸಹಿಸುವುದಿಲ್ಲ. ಪೆಟ್ರೋಲಿಗೆ ಹೊಂದುವ ರಬ್ಬರು ಬ್ರೇಕ್ ದ್ರವವನ್ನು ಸಹಿಸುವುದಿಲ್ಲ. ಈ ಎರಡು ಕುಲಗಳನ್ನು ಬೆರೆಸಬಾರದು. ಬ್ರೇಕಿನ ಒಳಭಾಗಗಳನ್ನು ಸ್ಪಿರಿಟ್ಟಿನಲ್ಲಿ ಅಥವಾ ಹೊಸ ಬ್ರೇಕ್ ದ್ರವದಲ್ಲೇ ತೊಳೆಯಬೇಕು. ಈ ದ್ರವಕ್ಕೆ ಗಾಳಿಯ ತೇವ ಹೀರುವ ಗುಣವೂ ಇದೆ. ಡಾಟ್ 4 ದರ್ಜೆಯ ದ್ರವದ ಕುದಿಬಿಂದು ಹೊಸತಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇ. 3.7ರಷ್ಟು ನೀರು ಸೇರಿದ ಮೇಲೆ 155 ಡಿಗ್ರಿ ಉಳಿದರೂ ಸಾಕೆಂದು ಆ ದರ್ಜೆಯೇ ಒಪ್ಪುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ಸಡಿಲವಾದ ಡಬ್ಬಿಯನ್ನು ಶೆಡ್ಡಿನಲ್ಲಿಟ್ಟು ಮರುವರ್ಷ ಬಳಸುವುದರ ಅರ್ಥವೇನೆಂದು ಈ ಎರಡು ಅಂಕಿಗಳೇ ಹೇಳುತ್ತವೆ. ಸೀಮೆಎಣ್ಣೆ ಬೆರೆತ ದ್ರವ ಎಲ್ಲ ಚಕ್ರಗಳಿಗೂ ತಲುಪಿದ್ದಿರಬಹುದಾದ್ದರಿಂದ ಪೈಪುಗಳನ್ನು ಸ್ಪಿರಿಟ್ಟಿನಿಂದ ತೊಳೆದು ಒಣಗಿಸಿ, ಆರೂ ವೀಲ್ ಸಿಲಿಂಡರ್‌ಗಳ ಕಿಟ್ಟುಗಳನ್ನು ಮತ್ತೊಮ್ಮೆ ಹೊಸದಾಗಿ ಹಾಕಿದೆ.

ಆ ಬಳಿಕ ನಾಲ್ಕೂ ಚಕ್ರ ಒಟ್ಟಿಗೆ ಹಿಡಿದುಕೊಳ್ಳುವುದು ನಿಂತಿತು. ಉಳಿದದ್ದು ನೋಟ್‌ಬುಕ್ಕಿನ ಎರಡನೆಯ ಸಾಲು. ಬ್ರೇಕು ಒತ್ತಿದಾಗ ಗಾಡಿ ಮೊದಲು ತುಸು ಎಡಕ್ಕೆ ಎಳೆಯುತ್ತಿತ್ತು, ಕಾಲು ತೆಗೆದ ಮೇಲೆ ಬಲಕ್ಕೆ. ಬಲಚಕ್ರಕ್ಕೆ ಒತ್ತಡ ತಡವಾಗಿ ತಲುಪಿ ತಡವಾಗಿ ಮರಳುತ್ತಿದೆಯೆಂದು ಈ ಎರಡು ಎಳೆತಗಳನ್ನು ಜೊತೆಗಿಟ್ಟು ನೋಡಿದಾಗ ಹೊಳೆಯಿತು. ಬಲಚಕ್ರವನ್ನು ಎತ್ತಿ, ಪೆಡಲ್ ಒತ್ತಿ ಬಿಟ್ಟು, ಡ್ರಮ್ಮು ಬಿಗಿಯಾಗಿರುವಾಗಲೇ ಹೋಸ್ ಪೈಪಿನ ಚಾಸಿ ಕಡೆಯ ನಟ್ಟನ್ನು ಸಡಿಲಿಸಿದೆ: ಡ್ರಮ್ಮು ಬಿಡಲಿಲ್ಲ. ಆ ನಟ್ಟನ್ನು ಬಿಗಿಮಾಡಿ, ಚಕ್ರದ ನಿಪ್ಪಲ್ ಬಿಚ್ಚಿದೆ: ತಟ್ಟನೆ ಬಿಟ್ಟುಕೊಂಡಿತು. ಒತ್ತಡ ಸೆರೆಯಾಗಿದ್ದುದು ಈ ಎರಡು ಬಿಂದುಗಳ ನಡುವೆ, ಅಂದರೆ ನಾನು ಹೊಸದೆಂದು ನಂಬಿ ಉಳಿಸಿದ್ದ ಹೋಸ್ ಪೈಪಿನೊಳಗೇ. ಅದನ್ನು ತೆಗೆದು ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಒಳಪದರ ಕಿತ್ತು ನಾಲಗೆಯಂತೆ ನೇತಾಡುತ್ತಿತ್ತು. ಕಾಲಿನ ಬಲಕ್ಕೆ ಅದು ಬಾಗಿ ದಾರಿ ಕೊಡುತ್ತಿತ್ತು, ಶೂಗಳನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗಿನ ದುರ್ಬಲ ಬಲಕ್ಕೆ ಬಾಗಿಲು ಮುಚ್ಚುತ್ತಿತ್ತು. ಮೊದಲೇ ಮೂರನ್ನೂ ಒಟ್ಟಿಗೆ ಬದಲಿಸಿದ್ದರೆ ಇದು ಇರುತ್ತಿರಲಿಲ್ಲ. ರಬ್ಬರಿನ ಹೋಸ್ ಪೈಪನ್ನು ಹೊರಗಿನ ನೋಟದಿಂದ ಅಳೆಯಲು ಬರುವುದಿಲ್ಲ.

ಪೆಡಲಿನಲ್ಲಿ ಉಳಿದಿದ್ದ ಸಣ್ಣ ಮಿಡಿತಕ್ಕೆ ಮುಂದಿನ ಎಡ ಡ್ರಮ್ಮಿನ ಸೊಟ್ಟ ಕಾರಣವಾಗಿತ್ತು. ಲೇತಿನಲ್ಲಿ ಡಯಲ್ ಗೇಜ್ ಇಟ್ಟು ನೋಡಿದಾಗ 0.25 ಮಿ.ಮೀ. ವ್ಯತ್ಯಾಸ ಕಂಡಿತು. ಬಲದ ಡ್ರಮ್ಮನ್ನೂ ಅದೇ ಅಳತೆಗೆ ಚೂರು ತೆಗೆಸಿದೆ.

ಮಾರ್ಪಾಡಿನ ವಿಷಯದಲ್ಲಿ ನಾನು ಬಹಳ ಸಲಹೆಗಳನ್ನು ಕೇಳಿದೆ. 1962ರಲ್ಲಿ 1098 ಸಿ.ಸಿ. ಎಂಜಿನ್ನಿನೊಂದಿಗೆ ಬಂದ ಮೈನರಿಗೆ ಮುಂದೆ 8 ಅಂಗುಲದ ಡ್ರಮ್ಮುಗಳಿದ್ದವು. ಅವನ್ನು ತರಿಸಿ ಹಾಕು ಎಂದರು ಕೆಲವರು, ಡಿಸ್ಕ್ ಹಾಕು ಎಂದರು ಇನ್ನು ಕೆಲವರು, ಬೂಸ್ಟರ್ ಸಾಕು ಎಂದವರೂ ಇದ್ದಾರೆ. ಎಂಜಿನ್ನಿನ ಶಕ್ತಿ ಹೆಚ್ಚಿಸುವವರಿಗೆ ಇವು ಬೇಕು. 30 ಅಶ್ವಶಕ್ತಿಯ ಈ ಗಾಡಿಗೆ ಅದರದೇ ಬ್ರೇಕು ಸಾಕೆಂಬುದು ನನ್ನ ನಿಲುವು. ದೋಷವಿರುವ ಬ್ರೇಕಿಗೆ ಬೂಸ್ಟರ್ ಹಾಕಿದರೆ ದೋಷವನ್ನೇ ಬಲಪಡಿಸಿದಂತೆ ಆಗುತ್ತದೆ. ನಾನು ಮಾಡಿದ ಒಂದೇ ಮಾರ್ಪಾಡು ಟ್ಯಾಂಕಿನದು. ಕಾರ್ಪೆಟ್ಟಿನ ಕೆಳಗಿನ ಪ್ಲಗ್ಗನ್ನು ತಿಂಗಳಿಗೊಮ್ಮೆ ಬಿಚ್ಚುವ ಹೊತ್ತಿಗೆಲ್ಲ ಕೆಸರು, ನೀರು ಒಳಗೆ ಬೀಳುವ ಅಪಾಯವಿರುವುದರಿಂದ, ಆ ಪ್ಲಗ್ಗಿನ ತಿರುಪಿಗೆ ಸರಿಹೊಂದುವ ಹಿತ್ತಾಳೆಯ ಜೋಡಣೆಯೊಂದನ್ನು ಲೇತಿನಲ್ಲಿ ಮಾಡಿಸಿ, ಅಲ್ಲಿಂದ ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಹಿಂದಿನ ಗೋಡೆಗೆ ಕೂರಿಸಿದ ಪಾರದರ್ಶಕ ಟ್ಯಾಂಕಿಗೆ ಪೈಪು ಎಳೆದೆ. ಅಂಗಡಿಯಲ್ಲಿ ಮೊದಲು ಕೊಟ್ಟದ್ದು ಪೆಟ್ರೋಲ್ ಪೈಪು. ಅದನ್ನು ಹಿಂದಿರುಗಿಸಿ ಬ್ರೇಕ್ ದ್ರವಕ್ಕೆಂದೇ ಇರುವ ಇಪಿಡಿಎಂ ರಬ್ಬರಿನ ಪೈಪು ತಂದೆ. ಮುಚ್ಚಳದ ಗಾಳಿರಂಧ್ರ ತೆರೆದಿದೆಯೆಂದು ಊದಿ ನೋಡಿಕೊಂಡೆ. ಟ್ಯಾಂಕು ಎತ್ತರದಲ್ಲಿರುವುದರಿಂದ ಈಗ ನಿಪ್ಪಲ್ ಬಿಚ್ಚಿ ಕಾದರೆ ಸಾಕು, ದ್ರವ ತಾನಾಗಿಯೇ ಇಳಿದು ಗಾಳಿಯನ್ನು ಹೊರಗೆ ತಳ್ಳುತ್ತದೆ.

ಮೇ ತಿಂಗಳಲ್ಲಿ ಮಾವ ಬಂದಾಗ ಗಾಡಿಯನ್ನು ಅವರ ಕೈಗೇ ಕೊಟ್ಟೆ. ಮೊದಲ ತಿರುವಿನಲ್ಲಿ ಅವರು ಹಳೆಯ ಅಭ್ಯಾಸದಂತೆ ಪೆಡಲನ್ನು ಎರಡು ಸಲ ಒತ್ತಿದರು. ಮೊದಲ ಒತ್ತಿಗೇ ಗಾಡಿ ನಿಂತು ಇಬ್ಬರೂ ಮುಂದಕ್ಕೆ ವಾಲಿದೆವು. ‘‘ಹೊಸದಿದ್ದಾಗ ಹೀಗೇ ಇತ್ತು ಕಣೋ’’ ಎಂದಷ್ಟೇ ಹೇಳಿ ಮುಂದಿನ ತಿರುವಿಗೆ ಒಂದೇ ಸಲ ಒತ್ತಿದರು. 12 ಕಿ.ಮೀ. ಓಡಿಸಿ ಬಂದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಡ್ರಮ್ಮುಗಳ ಬಿಸಿ ಅಳೆದೆ: ಮುಂದಿನ ಎಡ 71, ಮುಂದಿನ ಬಲ 73, ಹಿಂದಿನ ಎಡ 52, ಹಿಂದಿನ ಬಲ 47 ಡಿಗ್ರಿ. ಹಿಂದಿನ ಎಡಚಕ್ರದ 5 ಡಿಗ್ರಿ ವ್ಯತ್ಯಾಸಕ್ಕೆ ಹ್ಯಾಂಡ್‌ಬ್ರೇಕ್ ಕೇಬಲ್ ತುಸು ಬಿಗಿಯಾಗಿರುವುದು ಕಾರಣವೆಂದು ತೋರುತ್ತದೆ. ಮಳೆ ಹಿಡಿಯುವ ಮೊದಲು ಅದನ್ನು ಬಿಚ್ಚಿ ನೋಡಬೇಕು. ಟ್ಯಾಂಕಿನ ಮೇಲೆ ಮೂರು ವಾರಗಳ ಹಿಂದೆ ಮಾರ್ಕರಿನಿಂದ ಎಳೆದ ಗೆರೆಯಲ್ಲೇ ದ್ರವ ನಿಂತಿದೆ.